ಹೆಸರಿನ ಹೊಲದ ಸೋಮವಾರ

ಅಕ್ಕನ ಗಂಡ ತೀರಿದ ವರ್ಷ ದೊಡವಾಡದ ಹೊಲವನ್ನು ಅವಳ ಮೈದುನ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೇಳಿದ. "ಹೆಣ್ಣಮಕ್ಕಳ ಕೈಲೆ ಒಕ್ಕಲತನ ಆಗೂದಿಲ್ಲರಿ ವೈನಿ. ನಾ ಮಾಡತೇನಿ." ಮನುಷ್ಯ ಕೆಟ್ಟವನಲ್ಲ, ಆದರೂ ಆ ಮಾತಿಗೆ ನನ್ನ ಮೈ ಉರಿಯಿತು. ಅಕ್ಕ ಮಾತ್ರ ಮೆತ್ತಗೆ, "ಈ ಮುಂಗಾರಿ ಒಂದ ನೋಡೂಣು. ಹೆಸರಿನ ಪೀಕು ಕೈಗೆ ಹತ್ತಲಿಲ್ಲಂದ್ರ ಹೊಲ ನೀನ ಮಾಡು," ಎಂದಳು.

ಹೆಸರು ಚೆಂದಾಗಿ ಎದ್ದಿತು. ಹಿಂದೆಯೇ ಜಡಿಮಳೆ ಹಿಡಿಯಿತು. ಎರೆ ಹೊಲ, ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ಸಾಲಿನ ನಡುವಿನ ಕಳೆ ತೆಗೆಯಲು ಎಡೆ ಹೊಡೆಯಬೇಕೆಂದರೆ ಎತ್ತು ಇಳಿಯುವಂತಿಲ್ಲ, ಕಸ ಸಾಯಿಸುವ ಎಣ್ಣೆ ಹೊಡೆದರೆ ಮಳೆಗೆ ತೊಳೆದುಹೋಗುತ್ತದೆ. ಕಸಕ್ಕೇನು, ಹಬ್ಬ! ಎಳೆಯ ಹೆಸರಿನ ಗೊಬ್ಬರ, ಬಿಸಿಲು ಎಲ್ಲ ತಾನೇ ನುಂಗಿ ಮೊಣಕಾಲಿಗೆ ಬಂತು.

ಬೈಲಹೊಂಗಲದ ನನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ಬಸ್ಸು ಹಿಡಿದೆ. ಮಳೆ ನಿಂತು ನೆಲ ಹದಕ್ಕೆ ಬಂದದ್ದು ಸರಿಯಾಗಿ ಸೋಮವಾರ. ಸೋಮವಾರ ಬಸವಣ್ಣನ ದಿನ, ನಮ್ಮ ಕಡೆ ಎತ್ತು ಹೂಡುವುದಿಲ್ಲ. ಮೈದುನನ ಎತ್ತುಗಳು ಆರಾಮಾಗಿ ಮೆಲುಕು ಹಾಕುತ್ತಿದ್ದವು.

"ಒಂದ ದಿನ ಹೂಡಿದ್ರ ಬಸವಣ್ಣ ಸಿಟ್ಟಾಗ್ತಾನೇನ? ಕೇಳಿ ನೋಡಬೇ," ಎಂದೆ.

"ವಾರಪೂರ್ತಿ ದುಡೀತಾವ. ಅವಕ್ಕಿರೂದ ಅದೊಂದ ದಿನ," ಎಂದು ಅಕ್ಕ ಕಸ ಕೀಳುವ ಕುರ್ಪಿ ಹಿಡಿದು ಸಾಲಿನಲ್ಲಿ ಕುಂತಳು.

ನಮಗೆ ಯಾವ ವಾರ ಸೂಟಿ ಎಂದು ಬೈಯುತ್ತಲೇ ನಾನೂ ಕುಂತೆ. ಬಾಜೂ ಹೊಲದ ಹೆಂಗಸರೂ ಬಂದು ಸೇರಿದರು. ಸೊಂಟ ಹಿಡಿಯಿತು, ಅಂಗೈಯಲ್ಲಿ ಗುಳ್ಳೆ ಎದ್ದವು. ಹೊತ್ತು ಮುಳುಗುವಾಗ ಅರ್ಧ ಹೊಲ ಆಗಿತ್ತು. ಬೆಳಗಾದರೆ ಮತ್ತೆ ಮಳೆ. ಅಕ್ಕ ಹೊಸ್ತಿಲ ಮೇಲೆ ಕುಂತು ಅತ್ತುಬಿಟ್ಟಳು. ಅವಳನ್ನು ನೋಡಿ ನನಗೂ ತಡೆಯಲಾಗಲಿಲ್ಲ.

ಹೆಸರು ಬಿಡಿಸುವ ಹೊತ್ತಿಗೆ ಒಂದೇ ಹೊಲ ಎರಡಾಗಿತ್ತು. ಕಸ ತೆಗೆದ ಕಡೆ ಗಿಡದ ತುಂಬ ಕಾಯಿ, ಉಳಿದ ಕಡೆ ಹುಡುಕಿದರೆ ಅಲ್ಲೊಂದು ಇಲ್ಲೊಂದು, ಅದೂ ಜೊಳ್ಳು. ಮೈದುನ ನಡುವೆ ನಿಂತು ಆ ಕಡೆ ಈ ಕಡೆ ನೋಡಿದ.

"ಇಷ್ಟೂ ಕೈಲೆ ತಗದ್ರೇನ್ರಿ?"

ಅಕ್ಕ ಹೂಂ ಎಂದಳಷ್ಟೆ. ಅರ್ಧ ಬೆಳೆಯ ಜೊತೆಗೆ ಹೊಲವೂ ಹೋಯಿತು ಅಂದುಕೊಂಡೆ.

ಹಿಂಗಾರಿ ಬಿತ್ತಿಗೆಗೆ ಮತ್ತೆ ಹೋಗಿದ್ದೆ. ಹೊಲದ ಮಾತನ್ನು ಅಲ್ಲಿಯವರೆಗೆ ಯಾರೂ ಎತ್ತಿರಲಿಲ್ಲ. ರವಿವಾರ ನಸುಕಿನಲ್ಲೇ ಬಾಗಿಲ ಮುಂದೆ ಎತ್ತಿನ ಗಂಟೆ ಸದ್ದಾಯಿತು. ಮೈದುನ ಬಿತ್ತುವ ಕೂರಿಗೆ ಸಮೇತ ನಿಂತಿದ್ದ. ಹೊಲ ತನ್ನದೆನ್ನಲು ಬಂದನೆಂದು ನಾನು ಬಾಗಿಲಿಗೆ ಅಡ್ಡ ನಿಂತೆ.

"ನಾಳೆ ಸೋಮವಾರ, ವೈನಿ, ಎತ್ತು ಹೂಡಾಕ ಬರೂದಿಲ್ಲ," ಎಂದ. "ನಿಮ್ಮ ಹೊಲಾ ಇವತ್ತ ಮುಗಸೂಣು. ಏನ್ ಬಿತ್ತೂದು, ಹೇಳ್ರಿ."