ಪಾಸಿಟಿವ್ ಸೋದರತ್ತೆ

ನಮ್ಮ ಓಣಿಯಲ್ಲಿ ಯಾರಿಗೆ ರಕ್ತ ಪರೀಕ್ಷೆಯಾದರೂ ಆ ಕಾಗದ ನನ್ನ ಬಾಗಿಲಿಗೆ ಒಮ್ಮೆ ಬಂದೇ ಹೋಗುತ್ತದೆ. ಡಾಕ್ಟರ ಮಾತು ಕೇಳಿ ಬಂದವರೂ ‘ಟೀಚರಮ್ಮ ಏನಂತಾರ ನೋಡಮು’ ಎನ್ನುತ್ತಾರೆ. ನಾನು ಸೇಡಂನಲ್ಲಿ ಬಿ.ಎಸ್ಸಿ. ಮಾಡಿದವಳು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಬೆಳಿಗ್ಗೆ ತೊಗರಿ ಹೊಲದಲ್ಲಿ ಕಳೆ ತೆಗೆದು, ಕೈ ತೊಳೆದು, ಬಸ್ಸಿನ ಹಿಂದೆ ಓಡಿ ಗಳಿಸಿದ ಡಿಗ್ರಿ ಅದು. ಹಾಗಾಗಿ ಯಾರಾದರೂ ಕಾಗದ ಚಾಚಿದರೆ ಕನ್ನಡಕ ಏರಿಸಿ, ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡುತ್ತೇನೆ. ಇಂಥವಳಿಗೆ ತನ್ನದೇ ರಿಪೋರ್ಟನ್ನು ತನ್ನವರಿಗೆ ಓದಿ ಹೇಳುವುದು ಎಷ್ಟು ಕಷ್ಟವೆಂದು ಗೊತ್ತಾದದ್ದು ಕೊರೊನಾ ಕಾಲದಲ್ಲಿ.

ಜ್ವರ ಬಂತು, ಹೋಯಿತು. ನಾಲಿಗೆಯ ರುಚಿ ಹೋಯಿತು, ತಿರುಗಿ ಬಂತು. ಶೇಂಗಾ ಚಟ್ನಿ ಖಾರವೆನಿಸಿದ ದಿನ ನಾನು ಗುಣವಾದೆನೆಂದು ನಾನೇ ತೀರ್ಪು ಕೊಟ್ಟುಕೊಂಡೆ. ಅಷ್ಟರಲ್ಲಿ ಆದಿತ್ಯನಗರದ ಸಿಮೆಂಟ್ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿರುವ ತಮ್ಮ ಮಲ್ಲುವಿಗೆ ಹುಟ್ಟಿದ ಹೆಣ್ಣು ಕೂಸಿನ ತೊಟ್ಟಿಲ ಕಾರ್ಯಕ್ಕೆ ದಿನ ನಿಗದಿಯಾಯಿತು. ನಮ್ಮಲ್ಲಿ ಕೂಸಿಗೆ ಹೆಸರಿಡುವುದು ಸೋದರತ್ತೆ. ಕಿವಿಗೆ ಬಾಯಿ ಹಚ್ಚಿ ಮೊದಲ ಸಲ ಅದರ ಹೆಸರನ್ನು ಉಸುರಬೇಕು. ಮಲ್ಲುವಿಗೆ ನಾನೊಬ್ಬಳೇ ಅಕ್ಕ. ಕೊರೊನಾ ಕಾಲದಲ್ಲಿ ಎಲ್ಲರೂ ಅಂಜುತ್ತಿದ್ದದ್ದೂ ಆ ಉಸಿರಿಗೇ ನೋಡಿ.

‘ನೆಗೆಟಿವ್ ಬರ್ಲಿ ಅಕ್ಕಾ, ಆಮ್ಯಾಲ ಬಾ,’ ಎಂದ ಮಲ್ಲು ಫೋನಿನಲ್ಲಿ. ಪರೀಕ್ಷೆ ಮಾಡಿಸಿದೆ. ಪಾಸಿಟಿವ್. ಸ್ವಲ್ಪ ದಿನ ಬಿಟ್ಟು ಮತ್ತೆ ಮಾಡಿಸಿದೆ. ಮತ್ತೆ ಪಾಸಿಟಿವ್. ಕಾಗದ ಹಿಡಿದು ಡಾಕ್ಟರ ಹತ್ತಿರ ಹೋದರೆ ಅವರು ನನ್ನನ್ನೇ ಗದರಿಸಿದರು.

‘ನಿಮಗ ಮತ್ತ ಟೆಸ್ಟ್ ಮಾಡಸ್ಕೋರಿ ಅಂತ ಯಾರು ಹೇಳಿದ್ರು? ಅದು ಸತ್ತ ವೈರಸ್ಸಿನ ಚೂರು ಇರ್ತದ್ರಿ. ತಿಂಗಳಗಟ್ಲೆ ಸಿಗಬಹುದು. ನಿಮ್ಮಂಥ ಗಟ್ಟಿ ಇದ್ದವರಿಂದ ಈಗ ಸಾಮಾನ್ಯವಾಗಿ ಹರಡಂಗಿಲ್ಲ. ಕೂಸಿನ ಹತ್ರ ಮಾಸ್ಕ್ ಹಾಕ್ಕೊಂಡು ಹೋಗ್ರಿ.’

ನನಗೆ ಇದು ಅರ್ಥವಾಯಿತು. ಆ ಪರೀಕ್ಷೆ ಕೇಳುವುದು ಒಂದೇ ಪ್ರಶ್ನೆ, ಇಲ್ಲಿ ಇದರ ಗುರುತು ಇದೆಯೇ ಎಂದು. ಜೀವವಿದೆಯೇ ಎಂದು ಅದು ಕೇಳುವುದಿಲ್ಲ. ಮಲ್ಲುವಿಗೆ ಹೇಳಿದೆ: ‘ನಿಮ್ಮ ಮಗ್ಗಲಕ್ಕೇ ಮಳಖೇಡದ ಕೋಟಿ ಅದ. ರಾಜರು ಹೋಗಿ ಎಷ್ಟೋ ಕಾಲ ಆತು, ಗ್ವಾಡಿ ಇನ್ನಾ ನಿಂತಾವ. ಹಂಗಂತ ಒಳಗಿಂದ ದಂಡು ಬರ್ತದಂತ ಬಾಗಲಾ ಹಾಕ್ಕೋತೀಯೇನು?’ ಅವನು ನಕ್ಕು ಫೋನನ್ನು ಅವ್ವನ ಕೈಗೆ ಕೊಟ್ಟ. ಬಾಣಂತನಕ್ಕೆಂದು ಅಲ್ಲೇ ಇದ್ದ ಅವ್ವನಿಗೆ ಕೋಟೆ ನಡೆಯುವುದಿಲ್ಲವೆಂದು ತೊಗರಿಗೆ ಬಂದೆ. ‘ತೊಗರಿ ಬಿತ್ತಿದ್ರ ನಾಟ್ತದ, ಬ್ಯಾಳಿ ಬಿತ್ತಿದ್ರ ನಾಟ್ತದೇನವ್ವಾ? ನನ್ನೊಳಗ ಉಳಿದಿದ್ದು ಬ್ಯಾಳಿ.’

‘ಖರೇ ಅದ,’ ಎಂದಳು ಅವ್ವ. ‘ಆದ್ರ ಬ್ಯಾಳ್ಯಾಗ ಒಂದೆರಡು ಇಡೀ ಕಾಳು ಉಳಿದಿರ್ತಾವವ್ವ. ದಿನಾ ಆರಸಾಕಿ ನಾನು.’

ಪ್ರಾಮಾಣಿಕ ವಿಜ್ಞಾನ ‘ಸಾಮಾನ್ಯವಾಗಿ’ ಎಂಬ ಮಾತು ಬಿಟ್ಟು ಮುಂದೆ ಹೋಗುವುದಿಲ್ಲ. ಮಡಿಲಲ್ಲಿ ಕೂಸಿಟ್ಟುಕೊಂಡವರಿಗೆ ಬೇಕಾದದ್ದು ‘ಎಂದೆಂದಿಗೂ ಇಲ್ಲ’ ಎಂಬ ಮಾತು. ಈ ಎರಡರ ನಡುವಿನ ಜಾಗದಲ್ಲಿ ನಾನು ನಿಂತಿದ್ದೆ. ಕೊನೆಗೆ, ಗುಂಡಗುರ್ತಿಯ ಚಿಕ್ಕಪ್ಪನ ಮಗಳು ಹೆಸರಿಡಲಿ ಎಂದು ದೊಡ್ಡ ಮನಸ್ಸು ಮಾಡಿ ಹೇಳಿಬಿಟ್ಟೆ. ಹೇಳಿದ ಮೇಲೆ, ಯಾರ ಮೇಲೂ ಸಿಟ್ಟಿಲ್ಲವೆಂದು ಇಡೀ ಸಂಜೆ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದೆ.

ಮರುದಿನ ಮಲ್ಲುವಿನ ಹೆಂಡತಿ ಸಾವಿತ್ರಿಯ ಫೋನು ಬಂತು. ‘ಅಕ್ಕಾರ, ಡಾಕ್ಟರ್ ಏನಂದ್ರು ಅಷ್ಟೇ ಹೇಳ್ರಿ. ಕೋಟಿ ಬ್ಯಾಡ, ಬ್ಯಾಳಿ ಬ್ಯಾಡ.’ ಹೇಳಿದೆ. ‘ಸಾಮಾನ್ಯವಾಗಿ’ ಎಂಬುದನ್ನೂ ನುಂಗದೆ ಹೇಳಿದೆ.

‘ಇಲ್ಲಿ ಡಾಕ್ಟರಮ್ಮಗ ನಾನೂ ಕೇಳೀನ್ರಿ. ಅವರೂ ಹಂಗೇ ಅಂದಾರ. ನೀವು ಆ ಒಂದು ಮಾತು ಬಿಟ್ಟು ಹೇಳ್ತೀರೇನಂತ ನೋಡಿದೆ. ಬರ್ರಿ.’

ತೊಟ್ಟಿಲ ದಿನ ಹೋದೆ. ಕ್ವಾರ್ಟರ್ಸಿನ ನಾಲ್ಕೈದು ಹೆಂಗಸರಿದ್ದರು. ನಾನು ಒಳಗೆ ಬಂದ ಕೂಡಲೇ ಚಾಪೆಯ ಮೇಲೆ ತಾನಾಗಿಯೇ ಜಾಗವಾಯಿತು. ನಡುಮನೆಯಲ್ಲಿ ಹಿಂದೆಂದೂ ಅಷ್ಟು ವಿಶಾಲವಾಗಿ ಕುಳಿತವಳಲ್ಲ. ಮಾಸ್ಕ್ ಬಿಗಿಮಾಡಿಕೊಂಡು, ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ ವಾಡಿಕೆಯಂತೆ ‘ಕುರ್ರ್’ ಎಂದು, ಹೆಸರು ಹೇಳಿದೆ. ಹೇಳಿ ಮುಗಿಯುತ್ತಲೇ ಹಿಂದಿನ ಹೆಂಗಸರೆಲ್ಲ ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ನಗುತ್ತ, ಹಳೆಯ ಸಿಟ್ಟಿದ್ದರೆ ಅದನ್ನೂ ಸೇರಿಸಿ ಗುದ್ದುತ್ತಾರೆ.

ಯಾರೂ ಗುದ್ದಲಿಲ್ಲ.

ನಾನು ಬಗ್ಗಿಯೇ ಇದ್ದೆ. ಎದ್ದರೆ ಎಲ್ಲರ ಮುಖ ನೋಡಬೇಕಾಗುತ್ತದೆ. ಪಾಪ, ಅವರದೇನು ತಪ್ಪು? ರೋಗ ಹೋದ ಮೇಲೂ ಅದರ ಚೂರು ಮೂಗಿನಲ್ಲಿ ಉಳಿಯುವಂತೆ ಅಂಜಿಕೆಯ ಚೂರೂ ಕೈಯಲ್ಲಿ ಉಳಿಯುತ್ತದೆ. ಅದಕ್ಕಿನ್ನೂ ಪರೀಕ್ಷೆ ಬಂದಿಲ್ಲ.

‘ಯಾಕ ನಿಂತೀರಿ?’ ತೊಟ್ಟಿಲ ಆಚೆಯಿಂದ ಸಾವಿತ್ರಿ ಕೇಳಿದಳು. ‘ನನ್ನ ಮಗಳ ಹೆಸರು ಪುಕ್ಕಟ ಬಂದದ ಅಂದ್ಕೊಂಡೀರೇನು? ಗುದ್ರಿ.’

ಮೊದಲು ಬಿದ್ದದ್ದು ಅವ್ವನ ಗುದ್ದು. ದಿನಾ ಜೋಳದ ರೊಟ್ಟಿ ಬಡಿಯುವ ಕೈ ಅದು, ಲೆಕ್ಕ ಇಡುವುದಿಲ್ಲ. ಆಮೇಲೆ ಯಾರ ಕೈ ಯಾವುದೆಂದು ತಿಳಿಯಲಿಲ್ಲ. ಪಕ್ಕದ ಮನೆಯ ಬೀಬಿಯಂತೂ ತಾನು ತಡವಾಗಿ ಬಂದದ್ದಕ್ಕೆ ಇನ್ನೆರಡು ಹೆಚ್ಚಾಗಿಯೇ ಹಾಕಿದಳು. ಬೆನ್ನು ಉರಿಯುತ್ತಿತ್ತು. ‘ಸಾಕ್ರೆ’ ಎಂದೆ, ಆದರೆ ಬಗ್ಗಿದ್ದವಳು ಎದ್ದೇಳಲು ಅವಸರ ಮಾಡಲಿಲ್ಲ.