ಸುವರ್ಣಾಳ ಕೈಗೆ ಹೊಂದಿದ ಕಂಪ್ಯೂಟರ್

1996ರಲ್ಲಿ ನಾನು ಗುಲಬರ್ಗಾದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಹೆಸರಿಗೆ ಇಂಜಿನಿಯರ್, ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು ನನ್ನ ಪಾಲಿಗಿದ್ದವು. ಕಂಪನಿಯ ಸಿದ್ಧ ಕಂಪ್ಯೂಟರ್ ಕೊಳ್ಳುವ ಶಕ್ತಿ ಇಲ್ಲದವರಿಗೆ, ಅವರ ಕೈಯಲ್ಲಿದ್ದ ಹಣಕ್ಕೆ ತಕ್ಕ ಬಿಡಿಭಾಗಗಳನ್ನು ಆರಿಸಿ, ಹೈದರಾಬಾದಿನಿಂದ ತಂದು ಜೋಡಿಸಿಕೊಡುವುದೂ ನನ್ನ ಕೆಲಸವೇ. ಅಂಥ ಯಂತ್ರಗಳನ್ನು ಎಷ್ಟೋ ಕಟ್ಟಿದ್ದೇನೆ. ಅಫಜಲಪುರದ ಒಂದನ್ನು ಮಾತ್ರ ನೆನೆದಾಗಲೆಲ್ಲ ಬಾಯಿ ಕಹಿಯಾಗುತ್ತದೆ.

ಅಲ್ಲಿ ಬಸಲಿಂಗಪ್ಪ ಮಾಸ್ತರರು ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದರು. ಬಸ್ ನಿಲ್ದಾಣದ ಹಿಂದಿನ ಒಂದು ಕೋಣೆಯಲ್ಲಿ ಆರು ಟೈಪ್‌ರೈಟರುಗಳು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಸುವರ್ಣಾ ಬಿ.ಕಾಂ. ಮುಗಿಸಿ ಅಪ್ಪನ ಜೊತೆ ಕಲಿಸುತ್ತಿದ್ದಳು. ಟೈಪ್‌ರೈಟರಿನ ಕಾಲ ಮುಗಿಯುತ್ತ ಬಂದಿದೆ ಎಂದು ಮೊದಲು ಕಂಡುಕೊಂಡವಳು ಅವಳೇ. ಗುಲಬರ್ಗಾಕ್ಕೆ ಬಂದು ಆರು ತಿಂಗಳು ಕಂಪ್ಯೂಟರ್ ಕಲಿತು ಹೋಗಿ, ಅಪ್ಪನನ್ನು ಒಪ್ಪಿಸಿ ನನ್ನನ್ನು ಕರೆಸಿದಳು. ಮಾಸ್ತರರ ಹತ್ತಿರ ಇದ್ದದ್ದು ಮೂವತ್ತು ಸಾವಿರ ರೂಪಾಯಿ. ಅಷ್ಟರೊಳಗೆ ಒಂದು ಯಂತ್ರ, ಒಂದು ಪ್ರಿಂಟರ್ ಆಗಬೇಕಿತ್ತು.

ಪೆಂಟಿಯಂ ಪ್ರೊಸೆಸರ್ ಆಗಷ್ಟೇ ಎಲ್ಲರ ಬಾಯಲ್ಲಿತ್ತು. ಅದನ್ನು ಹಾಕಿದರೆ ಬೇರೆ ಯಾವುದಕ್ಕೂ ಹಣ ಉಳಿಯುವುದಿಲ್ಲವೆಂದು ಹೇಳಿದೆ. ಟೈಪಿಂಗ್, ಲೆಕ್ಕಪತ್ರ ಕಲಿಸಲು ಹಿಂದಿನ ತಲೆಮಾರಿನ 486 ಸಾಕು. ಅದರ ಜೊತೆಗೆ ಎಂಟು ಎಂಬಿ RAM, ಅಂದರೆ ಕೆಲಸ ನಡೆಯುವಾಗ ಮಾಹಿತಿ ಹಿಡಿದಿಡುವ ಮೆಮೊರಿ. ಮಾಸ್ತರರು ಅದಕ್ಕೆಲ್ಲ ತಲೆಯಾಡಿಸಿದರು. ಆದರೆ ಮಾನಿಟರ್ ಮಾತ್ರ ಬಣ್ಣದ್ದೇ ಆಗಬೇಕೆಂದು ಹಟ ಹಿಡಿದರು. ರಸ್ತೆಯಲ್ಲಿ ಹೋಗುವವರಿಗೆ ಕಂಡರೆ ನಾಲ್ಕು ಮಂದಿ ಒಳಗೆ ಬಂದಾರು ಎಂಬುದು ಅವರ ಲೆಕ್ಕ.

“ಬಣ್ಣ ಬ್ಯಾಡಪ್ಪಾ,” ಎಂದಳು ಸುವರ್ಣಾ. “ಹುಡುಗಿಯರು ತಾಸುಗಟ್ಟಲೆ ನೋಡಬೇಕು. ಅಕ್ಷರ ಸ್ವಚ್ಛ ಕಂಡ್ರ ಸಾಕು. ಉಳಿದ ರೊಕ್ಕದಾಗ ಛಲೋ ಕೀಬೋರ್ಡ್ ತರಸೂಣು.”

ಅವಳು ಹೇಳಿದ್ದು ಸರಿಯಾಗಿತ್ತು. ಕಪ್ಪು ಬಿಳುಪಿನ ಮಾನಿಟರಿಗೆ ಬಣ್ಣದ್ದರ ಅರ್ಧದಷ್ಟೂ ಬೆಲೆ ಇರಲಿಲ್ಲ. ಉಳಿದ ಹಣದಲ್ಲಿ, ಪ್ರತಿ ಕೀ ಕೆಳಗೆ ಸ್ಪ್ರಿಂಗ್ ಇರುವ ಭಾರವಾದ ಕೀಬೋರ್ಡ್ ಹುಡುಕಿ ತಂದೆ. ಟೈಪ್‌ರೈಟರ್ ಕುಟ್ಟಿ ಪಳಗಿದ ಬೆರಳಿಗೆ ಮೆತ್ತನೆಯ ಕೀ ಒಗ್ಗುವುದಿಲ್ಲ. ಅಫಜಲಪುರದ ಕರೆಂಟು ನಂಬುವಂಥದ್ದಲ್ಲವಾದ್ದರಿಂದ ಯುಪಿಎಸ್‌ಗೆ ಸ್ವಲ್ಪ ಹೆಚ್ಚೇ ಖರ್ಚು ಮಾಡಿದೆವು. ಸೋರುವ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿಗೆ ಮಾಸ್ತರರೇ ಹಿತ್ತಲಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿದರು. ಜೋಡಿಸುವಾಗ ಸುವರ್ಣಾ ಪಕ್ಕದಲ್ಲೇ ಕೂತು ಒಂದೊಂದು ಕಾರ್ಡೂ ಯಾಕೆ, ಎಲ್ಲಿಗೆ ಎಂದು ಕೇಳಿ ತಿಳಿದುಕೊಂಡಳು. RAM ಅನ್ನು ತಾನೇ ಕೈಯಾರೆ ಕೂರಿಸಿದಳು.

ಕ್ಲಾಸ್ ಚೆನ್ನಾಗಿ ನಡೆಯಿತು. ಅತನೂರ, ಕರಜಗಿಯಿಂದ ಹುಡುಗಿಯರು ಬಸ್ಸಿನಲ್ಲಿ ಬರತೊಡಗಿದರು. ಹೆಣ್ಣುಮಗಳು ಕಲಿಸುತ್ತಾಳೆಂಬ ಕಾರಣಕ್ಕೇ ಅನೇಕ ತಂದೆತಾಯಂದಿರು ಒಪ್ಪಿ ಕಳಿಸಿದ್ದರು. ಕನ್ನಡ ಟೈಪಿಂಗಿಗೆ ಸುವರ್ಣಾ ತಾನೇ ಪಾಠಗಳನ್ನು ಬರೆದು ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದಳು. ಸುಲಭದ ಅಕ್ಷರಗಳಿಂದ ಒತ್ತಕ್ಷರದವರೆಗೆ, ಒಂದರ ಮೇಲೊಂದು ಹಂತ. ಅಂಥ ಪಾಠ ಗುಲಬರ್ಗಾದಲ್ಲೂ ನಾನು ನೋಡಿರಲಿಲ್ಲ. ಮುಂದಿನ ವರ್ಷ ಎರಡನೆಯ ಯಂತ್ರ ಕೊಳ್ಳುವ ಮಾತೂ ನಡೆದಿತ್ತು.

ಅಷ್ಟರಲ್ಲಿ ಆಳಂದದಿಂದ ಸಂಬಂಧ ಬಂತು. ಹೊಲ, ತೊಗರಿ ವ್ಯಾಪಾರ ಎರಡೂ ಇದ್ದ ದೊಡ್ಡ ಮನೆ. ನಿಶ್ಚಯದ ದಿನ ಹುಡುಗನ ತಂದೆ ಆಡಿದ ಮಾತನ್ನು ಮಾಸ್ತರರು ಆಮೇಲೆ ನನಗೆ ಹೆಮ್ಮೆಯಿಂದ ಹೇಳಿದರು. “ನಾವು ಶರಣರ ದಾರಿಯೊಳಗ ನಡಿಯಾವ್ರು, ವರದಕ್ಷಿಣಿ ಮುಟ್ಟಂಗಿಲ್ರಿ. ಹುಡುಗಿ ಜೋಡಿ ಆಕಿ ಕಂಪ್ಯೂಟರ್ ಬಂದ್ರ ಸಾಕು. ನಮ್ಮೂರಾಗ ಕ್ಲಾಸ್ ತಗದ್ರಾತು,” ಎಂದಿದ್ದರಂತೆ. ಇಂಥ ಬೀಗರು ಎಲ್ಲಿ ಸಿಗುತ್ತಾರೆ ಎಂದು ಮಾಸ್ತರರ ಕಣ್ಣು ತುಂಬಿತ್ತು. ಸುವರ್ಣಾಳೂ ಖುಷಿಯಲ್ಲಿದ್ದಳು. ಆಳಂದ ದೊಡ್ಡ ಊರು, ಕಲಿಯುವವರು ಇನ್ನೂ ಹೆಚ್ಚು ಸಿಗುತ್ತಾರೆ ಎಂದಳು.

ಮದುವೆಗೆ ಮೊದಲು ಬೀಗರ ಕಡೆಯಿಂದ ಇನ್ನೊಂದು ಮಾತು ಬಂತು. ಬಂದ ಮಂದಿ ನೋಡುವ ವಸ್ತು, ಕಪ್ಪು ಬಿಳುಪು ಚೆನ್ನಾಗಿ ಕಾಣುವುದಿಲ್ಲ, ಬಣ್ಣದ ಮಾನಿಟರ್ ಇದ್ದರೆ ಒಳ್ಳೆಯದು. ಮಾಸ್ತರರು ಆರೂ ಟೈಪ್‌ರೈಟರುಗಳನ್ನು ಮಾರಿದರು. ಮಗಳಿಲ್ಲದ ಮೇಲೆ ಕ್ಲಾಸಾದರೂ ಯಾಕೆ ಎಂದರು. ಆ ಹಣಕ್ಕೆ ಸಿಗುವ ಬಣ್ಣದ ಮಾನಿಟರ್ ನಾನೇ ತಂದೆ. ಹಳೆಯದನ್ನು ಜೇವರ್ಗಿಯ ಒಬ್ಬ ವಕೀಲರಿಗೆ ಕೊಡಿಸಿದೆ. ಯಂತ್ರವನ್ನೆಲ್ಲ ಕೌದಿಗಳಲ್ಲಿ ಸುತ್ತಿ ಆಳಂದಕ್ಕೆ ಹೊರಟ ಟೆಂಪೊಗೆ ಹಾಕಿದೆವು. ಕಡಗಂಚಿ ದಾಟುವವರೆಗೂ ರಸ್ತೆ ಕೆಟ್ಟಿತ್ತು. ಮಾನಿಟರಿಗೆ ಪೆಟ್ಟು ಬೀಳದಂತೆ ನಾನು ಅದನ್ನು ತಬ್ಬಿಕೊಂಡೇ ಕೂತಿದ್ದೆ.

ಮದುವೆಯಾದ ಮರುವರ್ಷ ಆಳಂದದ ಆ ಮನೆಯಿಂದ ಕಂಪ್ಯೂಟರ್ ಕೆಟ್ಟಿದೆಯೆಂದು ಅಂಗಡಿಗೆ ಫೋನ್ ಬಂತು. ನಾನೇ ಹೋದೆ. ಯಂತ್ರ ಪಡಸಾಲೆಯಲ್ಲಿ ಟಿವಿಯ ಪಕ್ಕ, ಕಸೂತಿ ಹಾಕಿದ ಬಟ್ಟೆ ಹೊದ್ದು ಕೂತಿತ್ತು. ಸುವರ್ಣಾಳ ಮೈದುನ ಬಟ್ಟೆ ತೆಗೆದು ತೋರಿಸಿದ. ಕೀಬೋರ್ಡಿನಲ್ಲಿ ಬಾಣದ ಗುರುತಿನ ನಾಲ್ಕು ಕೀಗಳು ಮಾತ್ರ ಸವೆದು ಹೊಳೆಯುತ್ತಿದ್ದವು. ಆಟ ಆಡಲು ಬಳಸುವವು ಅವೇ. ಅಕ್ಷರಗಳ ಮೇಲೆ ಧೂಳಿತ್ತು.

ಸುವರ್ಣಾ ತಲೆಯ ಮೇಲೆ ಸೆರಗು ಹೊದ್ದು ಚಹಾ ತಂದಳು. ಕ್ಲಾಸ್ ಯಾವಾಗಿನಿಂದ ಎಂದು ಕೇಳಿದೆ. ಅವಳು ಉತ್ತರಿಸುವ ಮೊದಲೇ ಒಳಬಾಗಿಲಲ್ಲಿದ್ದ ಅತ್ತೆ ಹೇಳಿದರು. “ಸೊಸಿ ಪರರ ಹುಡುಗರಿಗೆ ಕಲಸೂದು ನಮ್ಮ ಮನಿತನಕ್ಕ ಒಪ್ಪಂಗಿಲ್ಲ ತಮ್ಮಾ. ನಮಗೇನು ಕಡಿಮಿ ಅದ?”

ಗಂಡ ಅಲ್ಲೇ ಕುರ್ಚಿಯಲ್ಲಿದ್ದ. ಅವನ ಮುಖ ನೋಡಿದೆ. ಮುಂದೆ ನೋಡೋಣ ಎನ್ನುವ ಹಾಗೆ ತಲೆಯಾಡಿಸಿ ಪೇಪರ್ ಬಿಡಿಸಿಕೊಂಡ.

ಸ್ವಿಚ್ ಹಾಕಿದೆ. ಯಂತ್ರ ಬೀಪ್ ಎಂದು ಕೂಗಿತು, ಪರದೆ ಹತ್ತಲಿಲ್ಲ. ಸುವರ್ಣಾ ಚಹಾದ ಖಾಲಿ ಕಪ್ ಎತ್ತಿಕೊಳ್ಳುವ ನೆವದಲ್ಲಿ ಬಗ್ಗಿ ಮೆಲ್ಲಗೆ ಹೇಳಿದಳು: “RAM ಸಡಲಾಗ್ಯದ್ರಿ ಅಣ್ಣಾ. ತಗದು ಒರಿಸಿ ಕೂಡಸ್ರಿ. ನಾ ಮಾಡ್ತೇನಿ ಅಂದ್ರ ಮುಟ್ಟಗೊಡಲಿಲ್ಲ.”

ಅವಳು ಹೇಳಿದಂತೆಯೇ ಮಾಡಿದೆ. ಪರದೆ ಬೆಳಗಿತು. ಅವಳ ಪಾಠಗಳು ಹೇಗಿವೆಯೋ ನೋಡೋಣವೆಂದು ಹಾರ್ಡ್ ಡಿಸ್ಕ್ ತೆರೆದೆ. ಒಂದೂ ಇರಲಿಲ್ಲ. ಆಟಗಳಿಗೆ ಜಾಗ ಸಾಲದೆ ಎಲ್ಲ ಅಳಿಸಿದೆ ಎಂದ ಮೈದುನ, ಒಳ್ಳೆಯ ಕೆಲಸ ಮಾಡಿದವನ ಹಾಗೆ. ಫ್ಲಾಪಿಯಲ್ಲಿ ನಕಲು ಇದೆಯೇ ಎಂದು ಸುವರ್ಣಾಳನ್ನು ಕೇಳಬೇಕೆಂದು ತಿರುಗಿದೆ. ಅವಳು ಆಗಲೇ ಒಳಗೆ ಹೋಗಿದ್ದಳು. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನಾನು ಹೊರಡುವವರೆಗೂ ಆ ಸದ್ದು ನಿಲ್ಲಲಿಲ್ಲ. ಹಾದಿಗುಂಟ ಸಿಟ್ಟು ನೆತ್ತಿಗೇರಿತ್ತು. ಆದರೆ ದುರಸ್ತಿಗೆ ಬಂದ ಹೊರಗಿನವನ ಸಿಟ್ಟಿಗೆ ಆ ಪಡಸಾಲೆಯಲ್ಲಿ ಯಾವ ಬೆಲೆಯಿತ್ತು?

ಈ ಕೆಲಸದಲ್ಲಿ ನಾನು ಕಲಿತದ್ದು ಇಷ್ಟು. ಇರುವ ಹಣದಲ್ಲಿ ಯಾವುದನ್ನು ಬಿಟ್ಟು ಯಾವುದನ್ನು ಹಾಕಬೇಕೆಂದು ತೂಗುವುದು ಕಷ್ಟವಲ್ಲ, ಅನುಭವದಿಂದ ಬರುತ್ತದೆ. ಕಟ್ಟಿದ ಯಂತ್ರದ ಮುಂದೆ ಕೊನೆಗೆ ಯಾರು ಕೂರುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ಆಮೇಲೆ ಹೆಣ್ಣುಮಕ್ಕಳು ದುಡಿಯಲೆಂದು ಕೊಂಡ ಯಂತ್ರಗಳ ಬಿಲ್ಲನ್ನು ನಾನು ಅವರ ಹೆಸರಿಗೇ ಮಾಡಿಸುತ್ತ ಬಂದೆ. ಅದರಿಂದ ಎಷ್ಟು ಉಪಯೋಗವಾಯಿತೋ ತಿಳಿಯದು. ಬಿಲ್ಲಿನಲ್ಲಿ ಮಾಸ್ತರರ ಬದಲು ಸುವರ್ಣಾಳ ಹೆಸರೇ ಇದ್ದಿದ್ದರೂ ಆ ಮನೆ ಬೇರೆ ರೀತಿ ನಡೆಯುತ್ತಿತ್ತೆಂದು ನಾನು ನಂಬುವುದಿಲ್ಲ.

ಆಳಂದದಿಂದ ಬಂದ ವಾರವೇ ಅಫಜಲಪುರಕ್ಕೆ ಹೋದಾಗ ಮಾಸ್ತರರು ದಾರಿಯಲ್ಲಿ ಸಿಕ್ಕರು. ಬಾಡಿಗೆ ಕೋಣೆ ಬಿಟ್ಟು ರೈತರ ಕಾಳು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮಗಳು ಏನೂ ತಿಳಿಸಿರಲಿಲ್ಲವೆಂದು ಕಾಣುತ್ತದೆ, ಅವಳ ಕ್ಲಾಸಿಗೆ ಎಷ್ಟು ಹುಡುಗರು ಬರುತ್ತಾರೆ ಎಂದು ಕೇಳಿದರು. ಸುಳ್ಳು ಹೇಳಲು ನಾಲಗೆ ಬರಲಿಲ್ಲ. ಕ್ಲಾಸ್ ಶುರುವೇ ಆಗಿಲ್ಲ, ಸುವರ್ಣಾ ಅದನ್ನು ಮುಟ್ಟುವಂತೆಯೂ ಇಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಕೇಳಿದರು:

“ಕಂಪ್ಯೂಟರ್ ಅಂತೂ ಛಲೋ ನಡದದಲ್ಲ?”

“ನಡದದ್ರಿ ಮಾಸ್ತರ,” ಎಂದೆ.