ವಿಮಾನದವರು ಬಿಡದ ಕುರ್ಚಿ

ಈ ಊರಿನಲ್ಲಿ ಬಸ್ಸು ಮಂಡಿಯೂರುತ್ತದೆ. ಅಮೆರಿಕಕ್ಕೆ ಬಂದ ವಾರದಲ್ಲೇ ಸಿಯಾಟಲ್ ಹತ್ತಿರದ ಓವರ್‌ಲೇಕ್‌ನ ನಿಲ್ದಾಣದಲ್ಲಿ ಅದನ್ನು ಕಂಡು ನಾನು ಬಾಯಿ ಬಿಟ್ಟು ನಿಂತಿದ್ದೆ. ಬಸ್ಸು ಉಸಿರು ಬಿಟ್ಟಂತೆ ಸದ್ದು ಮಾಡಿ ಬಾಗಿಲ ಕಡೆಗೆ ವಾಲಿತು. ಒಳಗಿನಿಂದ ಹಲಗೆಯೊಂದು ಹೊರಚಾಚಿ ಕಾಲುದಾರಿಗೆ ತಾಗಿತು. ಗಾಲಿಕುರ್ಚಿಯಲ್ಲಿದ್ದ ಹೆಂಗಸೊಬ್ಬಳು ಬೆರಳಿನಿಂದ ಗುಂಡಿ ಒತ್ತಿ ತಾನಾಗಿಯೇ ಹತ್ತಿದಳು. ಮಡಿಲಲ್ಲಿ ತರಕಾರಿ ಚೀಲ. ಡ್ರೈವರ್ ಎದ್ದು ಬಂದು ಕುರ್ಚಿಗೆ ಪಟ್ಟಿ ಬಿಗಿಯುವ ತನಕ ಬಸ್ಸಿನ ತುಂಬ ಜನ ಸುಮ್ಮನೆ ಕಾದರು. ಯಾರೂ ಅಯ್ಯೋ ಪಾಪ ಅನ್ನಲಿಲ್ಲ, ತಿರುಗಿಯೂ ನೋಡಲಿಲ್ಲ. ಇವಳನ್ನು ತಳ್ಳುವವರು ಎಲ್ಲಿ ಎಂದು ಅವಳ ಹಿಂದೆ ಮುಂದೆ ಹುಡುಕಿದವನು ನಾನೊಬ್ಬನೇ.

ಹುಡುಕಿದ್ದಕ್ಕೆ ಕಾರಣ ನನ್ನ ಅಕ್ಕ ಕಸ್ತೂರಿ. ಬೆಟಗೇರಿಯ ನೇಕಾರರ ಓಣಿಯಲ್ಲಿ ನಮ್ಮ ಮನೆ. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಅಕ್ಕನ ಎರಡೂ ಕಾಲು ಸೊರಗಿದವು. ಅವ್ವ ಅಪ್ಪ ತೀರಿದ ಮೇಲೆ ಅವಳು ಚಿಗವ್ವನ ಜೊತೆ ಅದೇ ಮನೆಯಲ್ಲಿ ಇದ್ದಾಳೆ. ಚಿಗವ್ವ ಎಂದರೆ ಅವ್ವನ ತಂಗಿ. ಕೈಯಿಂದ ತಿರುಗಿಸುವ ಯಂತ್ರದಲ್ಲಿ ಅಕ್ಕ ಹೊಲಿಯುವ ಕುಬಸಕ್ಕೆ ಅರ್ಧ ಊರು ಕಾಯುತ್ತದೆ.

ನಾನು ಏಳನೆಯ ಇಯತ್ತೆಯನ್ನೂ ಮುಗಿಸಲಿಲ್ಲ. ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತ ಬೆಳೆದವನು ಅಮೆರಿಕಕ್ಕೆ ಬಂದದ್ದು ಹೆಂಡತಿಯ ಬೆನ್ನು ಹಿಡಿದು. ಶೈಲಜಾ ನರ್ಸು, ಇಲ್ಲಿ ಮುದುಕರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು, ಅವಳ ಕಾಗದಪತ್ರದ ಜೊತೆ ನನ್ನದೂ ಬಂತು. ಹೊರಡುವ ದಿನ ಚಿಗವ್ವ ಶೈಲಜಾಳ ಉಡಿ ತುಂಬಿದಳು. ಅದರಲ್ಲಿದ್ದ ಕೊಬ್ಬರಿ ಬಟ್ಟಲನ್ನು ಅಕ್ಕ ಒಂದೊಂದಾಗಿ ಬಡಿದು ನೋಡಿ ಆರಿಸಿದ್ದಳು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿ ಕೊಬ್ಬರಿಯನ್ನಷ್ಟೇ ತೆಗೆದಿಟ್ಟುಕೊಂಡರು. ಅದರಲ್ಲಿ ಎಣ್ಣೆ ಇರುತ್ತದೆ, ಬೆಂಕಿ ಹತ್ತಬಹುದು, ವಿಮಾನಕ್ಕೆ ಬಿಡುವುದಿಲ್ಲ ಎಂದರು. ಫೋನಿನಲ್ಲಿ ಹೇಳಿದಾಗ ಅಕ್ಕ ಬಿದ್ದು ಬಿದ್ದು ನಕ್ಕಳು. ಪಟಾಕಿಯ ಸಾಲಿಗೆ ಕೊಬ್ಬರಿಯೂ ಸೇರಿತೇ ಎಂದಳು.

ಓವರ್‌ಲೇಕ್‌ನ ಬಾಡಿಗೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಡುವಾಲ್ ಎಂಬ ಹಳ್ಳಿಯಂಥ ಊರಲ್ಲಿ ಮಾರ್ಗರೆಟ್ ಎಂಬ ಮುದುಕಿಯ ಮನೆಯ ಹಿಂಭಾಗ ಹಿಡಿದೆವು. ಸುತ್ತ ಹುಲ್ಲುಗಾವಲು, ಬೆಳಿಗ್ಗೆ ಹೊಳೆಯಿಂದ ಏಳುವ ಮಂಜು. ಬೆಟಗೇರಿಯಲ್ಲಿ ಮಗ್ಗದ ಖಟಪಟ ಕೇಳುತ್ತ ಮಲಗಿದವನಿಗೆ ಇಲ್ಲಿಯ ನಿಶ್ಶಬ್ದಕ್ಕೆ ನಿದ್ದೆ ಬರುತ್ತಿರಲಿಲ್ಲ. ಓವರ್‌ಲೇಕ್‌ನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದೆ. ಮಧ್ಯಾಹ್ನ ಸಾಫ್ಟ್‌ವೇರ್ ಕಚೇರಿಗಳಿಂದ ನಮ್ಮ ಕಡೆಯ ಹುಡುಗರೆಲ್ಲ ಅಲ್ಲಿಗೇ ಊಟಕ್ಕೆ ಬರುತ್ತಾರೆ. ಇಂಗ್ಲಿಷ್ ಬಾರದೆ ಮೂಲೆಯಲ್ಲಿ ಪಾತ್ರೆ ತಿಕ್ಕುತ್ತಿದ್ದವನು ಒಂದು ದಿನ ಜೋಳದ ರೊಟ್ಟಿ ಬಡಿದೆ. ಅಂದಿನಿಂದ ನಾನು ಅವರಿಗೆಲ್ಲ ರೊಟ್ಟಿ ಅಣ್ಣ. ಹೆಂಡತಿ ಮಕ್ಕಳನ್ನು ಕರೆತಂದು ಪರಿಚಯಿಸುತ್ತಿದ್ದರು. ಊರಿನಲ್ಲಿ ಎಂದೂ ಸಿಗದ ಮರ್ಯಾದೆ ಅದು. ನನಗೆ ಅದು ತಲೆಗೇರಿತ್ತು ಎಂದು ಈಗ ಅನಿಸುತ್ತದೆ.

ಮಾರ್ಗರೆಟ್‌ಳ ಗಂಡ ಸತ್ತಾಗ ಅವನ ಬ್ಯಾಟರಿಯ ಗಾಲಿಕುರ್ಚಿ ಕಾರು ನಿಲ್ಲಿಸುವ ಕೋಣೆಯಲ್ಲಿ ಉಳಿಯಿತು. ಶೈಲಜಾ ಅವಳಿಗೆ ನನ್ನ ಅಕ್ಕನ ಸಂಗತಿ ಹೇಳಿದಳು. ಮುದುಕಿ ಕುರ್ಚಿಯನ್ನು ಒರೆಸಿ, ಚಾರ್ಜಿಗೆ ಹಾಕಿ, ಅಂಗಳದಲ್ಲಿ ಒಂದು ಸುತ್ತು ಓಡಿಸಿ ತೋರಿಸಿ, ನಿನ್ನ ಅಕ್ಕನಿಗೆ ಒಯ್ಯಿ ಎಂದಳು. ಒಂದು ಕಾಸು ಮುಟ್ಟಲಿಲ್ಲ.

ವಿಡಿಯೊ ಕಾಲ್‌ನಲ್ಲಿ ಕುರ್ಚಿ ನೋಡಿ ಅಕ್ಕ ಅದನ್ನು ಇನ್ನೊಮ್ಮೆ ಓಡಿಸಿ ತೋರಿಸು ಎಂದಳು. ಆಮೇಲೆ ತಾನು ಮನಸ್ಸಿನಲ್ಲಿಟ್ಟುಕೊಂಡಿದ್ದನ್ನು ಹೇಳಿದಳು. ದೊಡ್ಡ ರಸ್ತೆಯ ಬಟ್ಟೆ ಅಂಗಡಿಯವರು ತಮ್ಮ ಕಟ್ಟೆಯ ಮೇಲೆ ಯಂತ್ರ ಇಟ್ಟು ಕೂಡಲು ಅವಳಿಗೆ ಜಾಗ ಕೊಡುತ್ತೇವೆ ಎಂದಿದ್ದರಂತೆ. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲು ಅವಳಿಗೆ ಇತ್ತು; ಆದರೆ ಇಡೀ ದಿನ ಯಂತ್ರ ತಿರುಗಿಸಿ ಭುಜ ಸವೆದು ಹೋಗಿ, ದೊಡ್ಡ ರಸ್ತೆಗೆ ಹೋಗುವ ದಾರಿಯ ದಿಬ್ಬ ಹತ್ತಲು ಆಗುತ್ತಿರಲಿಲ್ಲ. ದಿನವೂ ಯಾರನ್ನಾದರೂ ಕರೆದು ಆಟೊಗೆ ಎತ್ತಿ ಹಾಕಿಸಿಕೊಳ್ಳುವುದು ಅವಳಿಗೆ ಬೇಡವಾಗಿತ್ತು. "ಯಾರ ಕೈಯಾಗೂ ಎತ್ತಿಸ್ಕೊಳ್ಳದ ಒಂದ ದಿನ ದುಡಿದು ಬರಬೇಕು ನೋಡೊ ತಮ್ಮಾ" ಎಂದಳು.

ಅವಳನ್ನು ಮೊದಲು ಎತ್ತುತ್ತಿದ್ದವನು ನಾನು. ನನಗಿಂತ ಎರಡು ವರ್ಷ ದೊಡ್ಡವಳಾದರೂ ಹಗುರವಿದ್ದಳು. ದಿನವೂ ಬೆನ್ನ ಮೇಲೆ ಕೂರಿಸಿಕೊಂಡು ಶಾಲೆಗೆ ಒಯ್ಯುತ್ತಿದ್ದೆ. ಓಣಿಯ ಹುಡುಗರು "ಕುಂಟಿ ಕುದುರಿ ಬಂತು" ಎಂದು ಕೂಗುತ್ತ ಹಿಂದೆ ಬರುತ್ತಿದ್ದರು. ಕುಂಟಿ ಅವಳು, ಕುದುರೆ ನಾನು. ನಾನು ಏಳನೆಯಲ್ಲಿದ್ದಾಗ ಒಂದು ದಿನ ಅವಳನ್ನು ಮನೆಯಲ್ಲೇ ಬಿಟ್ಟು ಹೋದೆ. ಆಮೇಲೆ ನಾನೂ ಹೋಗುವುದನ್ನು ನಿಲ್ಲಿಸಿ ಖಾನಾವಳಿ ಸೇರಿದೆ. ಮನೆಯಲ್ಲಿ ಬಡತನಕ್ಕೆ ಶಾಲೆ ಬಿಟ್ಟ ಎಂದುಕೊಂಡರು. ನನ್ನ ಜೊತೆ ಅಕ್ಕನ ಶಾಲೆಯೂ ಮುಗಿಯಿತು. ಅದರ ಬಗ್ಗೆ ಅವಳು ಇವತ್ತಿನವರೆಗೂ ಒಂದು ಮಾತು ಆಡಿಲ್ಲ.

ಕುರ್ಚಿ ಕೊಟ್ಟು ಬರಲು ನಾನು ಊರಿಗೆ ಹೊರಡುವ ದಿನ ಶೈಲಜಾ ನನ್ನನ್ನೂ ಕುರ್ಚಿಯನ್ನೂ ಸಿಯಾಟಲ್ ವಿಮಾನ ನಿಲ್ದಾಣಕ್ಕೆ ತಂದು ಬಿಟ್ಟಳು. ಕೌಂಟರಿನ ಹೆಂಗಸು ಬಗ್ಗಿ ಬ್ಯಾಟರಿ ನೋಡಿದಳು. ಆಸಿಡ್ ತುಂಬಿದ ಬ್ಯಾಟರಿ, ಸಾಮಾನಿನ ಜೊತೆ ಹೋಗುವುದಿಲ್ಲ ಎಂದಳು. ಬ್ಯಾಟರಿ ಬಿಚ್ಚಿದರೂ ಕುರ್ಚಿಯ ತೂಕ ಮೀರುತ್ತದೆ. ಬೇರೆ ಕಾರ್ಗೋದಲ್ಲಿ, ಬೇರೆ ಪೆಟ್ಟಿಗೆ ಮಾಡಿಸಿ, ಬೇರೆ ಕಾಗದ ಮಾಡಿಸಿ ಕಳಿಸಬೇಕು. ಆದರೆ ಪ್ರಯಾಣ ಮಾಡುವವರೇ ಬಳಸುವ ಕುರ್ಚಿಯಾದರೆ ಇದ್ಯಾವುದೂ ಇಲ್ಲ; ಬ್ಯಾಟರಿಯನ್ನು ಅವರೇ ಭದ್ರ ಮಾಡಿ ಒಯ್ಯುತ್ತಾರೆ. ಅಷ್ಟು ಹೇಳಿ ಅವಳು ನನ್ನ ಮುಖ ನೋಡಿದಳು. ಇದನ್ನು ಬಳಸುವವರು ನೀವೇನಾ ಎಂದು ಕೇಳಿದಳು. ಅಲ್ಲ, ನನ್ನ ಅಕ್ಕ ಎಂದೆ. ಪಕ್ಕಕ್ಕೆ ನಿಂತು ಯೋಚನೆ ಮಾಡಿ, ಬೇಕಾದರೆ ಮತ್ತೆ ಬನ್ನಿ ಎಂದಳು. ಅವಳು ದಾರಿ ತೋರಿಸುತ್ತಿದ್ದಾಳೆ ಎಂಬುದು ನನಗೆ ತಿಳಿಯಿತು.

ನಮ್ಮ ದೇಶಕ್ಕೆ ಹೋಗುವ ವಿಮಾನಗಳ ಸಾಲನ್ನು ಇಲ್ಲಿ ನೋಡಬೇಕು. ಮಕ್ಕಳ ಮನೆಗೆ ಬಂದು ಹಿಂದಿರುಗುವ ತಂದೆತಾಯಂದಿರೆಲ್ಲ ಗಾಲಿಕುರ್ಚಿಯಲ್ಲೇ. ಕಾಲು ಗಟ್ಟಿಯಾಗಿಯೇ ಇರುತ್ತದೆ, ಇಂಗ್ಲಿಷ್ ಬರುವುದಿಲ್ಲ ಅಷ್ಟೇ. ಕುರ್ಚಿ ಕೇಳಿದರೆ ಒಬ್ಬ ತಳ್ಳುವವನು ಬರುತ್ತಾನೆ, ಎಲ್ಲ ಸಾಲು ದಾಟಿಸುತ್ತಾನೆ. ಅವತ್ತು ನನ್ನ ಪಕ್ಕದಲ್ಲಿ ಹಾಗೆ ಕೂತಿದ್ದವರು ನಮ್ಮ ಹೋಟೆಲಿಗೆ ಬರುವ ಮೈಸೂರಿನ ಹುಡುಗನೊಬ್ಬನ ತಾಯಿ. ದಿನಾ ಬೆಳಿಗ್ಗೆ ರೆಡ್ಮಂಡಿನ ಪಾರ್ಕು ಸುತ್ತುವವರು, ಮಡಿಲಲ್ಲಿ ಸ್ವೆಟರ್ ಇಟ್ಟುಕೊಂಡು ಮಹಾರಾಣಿಯಂತೆ ಕೂತಿದ್ದರು.

"ಕೂತ್ಕೊಳಪ್ಪ ನೀನೂ," ಎಂದರು. "ನನ್ ಮಂಡಿಗೇನಾಗಿದೆ? ಕಲ್ಲಿದ್ದಂಗಿದೆ. ಇಲ್ಲಿ ಯಾರೂ ಸೀರೆ ಎತ್ತಿ ನೋಡಲ್ಲ."

ಶೈಲಜಾ ನಗಲಿಲ್ಲ. "ಕೂಡ್ರಿ. ಅರ್ಧ ತಾಸಿನ ಮಾತು," ಎಂದಳು.

ಕೂತೆ. ಅಕ್ಕನ ಕುರ್ಚಿಯಲ್ಲಿ ಕೂತ ಕೂಡಲೇ ಲೋಕವೆಲ್ಲ ಸೊಂಟದ ಪಟ್ಟಿಗಳು, ಚೀಲಗಳು. ಮುಖ ನೋಡಬೇಕೆಂದರೆ ಕತ್ತು ಎತ್ತಬೇಕು. ಸಾಲಿನಲ್ಲಿ ಹೋಟೆಲಿನ ಪರಿಚಯದ ಒಂದು ಕುಟುಂಬವೂ ಇತ್ತು. ಅವರ ಪುಟ್ಟ ಮಗಳು ನನ್ನನ್ನು ಗುರುತಿಸಿ, ರೊಟ್ಟಿ ಅಂಕಲ್‌ಗೆ ಏನಾಯ್ತು ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೇಳಿತು. ತಾಯಿ ಅದರ ಮುಖವನ್ನು ಆಚೆ ತಿರುಗಿಸಿ, "ಶ್, ಹಾಗೆಲ್ಲ ನೋಡಬಾರದು ಕಣೆ" ಎಂದಳು.

ನಾನು ಎದ್ದುಬಿಟ್ಟೆ. ಏಳುವಾಗ ನಗು ತಂದುಕೊಂಡು, ಏನೂ ಆಗಿಲ್ಲ, ಸುಮ್ಮನೆ ಕೂತಿದ್ದೆ ಎಂದು ಆ ತಾಯಿಗೆ ನಾನಾಗಿಯೇ ವಿವರಣೆ ಕೊಟ್ಟೆ. ಅವಳು ಕೇಳಿರಲೇ ಇಲ್ಲ. ಶೈಲಜಾ ಕೌಂಟರಿನ ಕಡೆ ಕೈ ತೋರಿಸಿದಳು. ಸುಳ್ಳು ಹೇಳಿ ಒಯ್ಯುವುದು ನನ್ನಿಂದ ಆಗುವುದಿಲ್ಲ ಎಂದೆ.

"ನೀವು ಅಂಜಿದ್ದು ಸುಳ್ಳಿಗಲ್ಲ ಬಿಡ್ರಿ," ಎಂದಳು.

ಕುರ್ಚಿಯನ್ನು ತಿರುಗಿಸಿ ಕಾರಿನ ಕಡೆ ತಳ್ಳಿಕೊಂಡು ಹೋದಳು. ಹೋಗಿ ಬನ್ನಿ ಎನ್ನಲಿಲ್ಲ.

ದಾರಿಯಲ್ಲಿ ಒಂದು ಫೋನ್ ಮಾಡಿ ಅಕ್ಕನಿಗೆ ಹೇಳಬಹುದಿತ್ತು. ಮಾಡಲಿಲ್ಲ. ಗದಗಿನ ಸ್ಟೇಶನ್ನಿನಿಂದ ಆಟೊ ಓಣಿಗೆ ತಿರುಗಿದಾಗ ನಮ್ಮ ಮನೆಯ ಮುಂದೆ ಜನ ನಿಂತಿದ್ದರು. ಅಮೆರಿಕದ ಕುರ್ಚಿ ನೋಡಲು ಬಂದವರು. ಅಕ್ಕ ಹೊಸ ಸೀರೆ ಉಟ್ಟು ಬಾಗಿಲಲ್ಲೇ ಕೂತಿದ್ದಳು. ಆ ಬಾಗಿಲಿಗೆ ಹೊಸ್ತಿಲು ಇರಲಿಲ್ಲ. ಅವ್ವ ದಿನವೂ ಅರಿಸಿನ ಬಳಿದು ಕೈ ಮುಗಿಯುತ್ತಿದ್ದ ಕಟ್ಟಿಗೆಯನ್ನು ಅಕ್ಕ ಬಡಿಗನಿಂದ ಕೀಳಿಸಿ, ಕುರ್ಚಿ ಉರುಳಲೆಂದು, ಒಳಗಿನಿಂದ ಅಂಗಳದವರೆಗೆ ಇಳಿಜಾರಾಗಿ ಸಿಮೆಂಟು ಹಾಕಿಸಿದ್ದಳು. ಹೊಸ್ತಿಲು ಕಿತ್ತ ದಿನ ಚಿಗವ್ವ ಉಂಡಿರಲಿಲ್ಲವಂತೆ. ಸಿಮೆಂಟಿನ ಮೇಲೆ ಆಗಲೇ ರಂಗೋಲಿ ಬಿದ್ದಿತ್ತು.

ಅಕ್ಕ ನನ್ನ ಹಿಂದೆ ನೋಡಿದಳು. "ಎಲ್ಲೈತೊ?"

"ಬಿಡಲಿಲ್ಲಕ್ಕ. ಬ್ಯಾಟರಿ ವಿಮಾನದಾಗ ಒಯ್ಯಂಗಿಲ್ಲಂತ. ಆಸಿಡ್ ಐತಂತ."

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಜನ ಲೊಚಗುಟ್ಟಿದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಪರವಾಗಿ ತಾನೇ ಎಲ್ಲರಿಗೂ ಸಮಜಾಯಿಷಿ ಕೊಡತೊಡಗಿದಳು. "ಉಡಿ ಕೊಬ್ಬರಿನ ಬಿಡದವರು ಬ್ಯಾಟರಿ ಬಿಡ್ತಾರೇನವಾ? ಅವ ಏನ್ ಮಾಡ್ಯಾನು, ಅಷ್ಟು ದೂರದಿಂದ ಬಂದಾನ," ಎಂದಳು. ಚಿಗವ್ವ ಒಳಗೆ ಹೋಗಿ ನನಗೆ ಚಹಾ ಇಟ್ಟಳು.

ಅಂಗಡಿಯ ಕಟ್ಟೆಯ ಜಾಗ ತಿಂಗಳೊಪ್ಪತ್ತಿನಲ್ಲಿ ಬೇರೆಯವರ ಪಾಲಾಯಿತು. ಹುಬ್ಬಳ್ಳಿಯಲ್ಲಿ ಅಂಥದೇ ಕುರ್ಚಿ ಕೊಡಿಸುತ್ತೇನೆ ಎಂದೆ. ಅದರಲ್ಲಿ ಕೂತು ಇನ್ನು ಎಲ್ಲಿಗೆ ಹೋಗಲಿ ಎಂದಳು. ಇತ್ತ ಶೈಲಜಾ ಮಾರ್ಗರೆಟ್‌ಗೆ ನಡೆದದ್ದನ್ನೆಲ್ಲ ಹೇಳಿ ಕುರ್ಚಿ ಒಪ್ಪಿಸಿದ್ದಳು. ಮುದುಕಿ ಅದನ್ನು ಇನ್ನೊಬ್ಬರಿಗೆ ಕೊಟ್ಟಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ, ಮೊದಲಿನಂತೆ ಸೇಬಿನ ಹೋಳಿಗೆಯಂಥದ್ದನ್ನು ಮಾಡಿ ತಂದು ಕೊಡುವುದನ್ನು ಮಾತ್ರ ನಿಲ್ಲಿಸಿದಳು. ಹೀಗೆ ನಾನು ಎರಡು ಕಡೆ ಇಬ್ಬರು ಮನುಷ್ಯರಾಗಿ ಉಳಿದೆ. ಬೆಟಗೇರಿಯಲ್ಲಿ ಅಕ್ಕನಿಗಾಗಿ ಕುರ್ಚಿ ಹೊತ್ತು ತರಲು ಹೋರಾಡಿ ಸೋತ ಒಳ್ಳೆಯ ತಮ್ಮ. ಡುವಾಲಿನ ಮನೆಯಲ್ಲಿ, ಊಟಕ್ಕೆ ಕೂತಾಗ ಹೆಂಡತಿಯ ಕಣ್ಣಲ್ಲಿ ಕಾಣುವವನು ಬೇರೆ. ಊರಿಗೆ ಹೋದರೆ ಆ ಒಳ್ಳೆಯವನ ಹೆಸರಿನಲ್ಲಿ ಉಣ್ಣಬೇಕು. ಇಲ್ಲಿದ್ದರೆ ಇವನ ಜೊತೆ ಮಲಗಬೇಕು.

ಮರುವರ್ಷ ನಾಗರ ಪಂಚಮಿಗೆ ಬರಲೇನು ಎಂದು ಕೇಳಲು ಫೋನ್ ಮಾಡಿದವನು ಅಕ್ಕನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಕೌಂಟರಿನವಳು ಕೇಳಿದ್ದು, ನಾನು ಕೂತದ್ದು, ಆ ಮಗು, ನಾನು ಎದ್ದದ್ದು. ಆ ಕಡೆ ಯಂತ್ರದ ಸದ್ದು ನಿಂತಿತು.

"ಕುಂತಿದ್ದಿ ಅಂದ್ಯಲ್ಲ," ಎಂದಳು ಕೊನೆಗೆ. "ಹೆಂಗಿತ್ತು?"

"ಏನು?"

"ಕುರ್ಚಿ."

ಮೆತ್ತಗಿತ್ತು ಎಂದೆ. ಹೂಂ ಎಂದಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅಕ್ಕ ಎರಡೂ ಮಾಡಲಿಲ್ಲ.

"ಈ ಸಲ ಪಂಚಮಿಗೆ ಬರಬ್ಯಾಡ ತಮ್ಮಾ. ನೀ ಬಂದ್ರ ಓಣ್ಯಾಗ ಮತ್ತ ಕುರ್ಚಿ ಮಾತು ತಗೀತಾರ. ಇಷ್ಟು ದಿನ ಗೊತ್ತಿರಲಿಲ್ಲ, ವಿಮಾನದವರನ್ನ ಬೈದೆ. ಗೊತ್ತಾದ ಮ್ಯಾಲೆ ನನಗ ಅವರನ್ನ ಬೈಯಾಕ ಬರಂಗಿಲ್ಲ."

ಆಗಲಿ ಎಂದೆ. ಪಂಚಮಿಯ ದಿನ ಹೋಟೆಲಿನ ಅಡುಗೆಮನೆಯಲ್ಲಿ ಶೇಂಗಾ ಉಂಡಿ ಕಟ್ಟಿ ಕೌಂಟರಿನ ಮೇಲೆ ಇಟ್ಟೆ. ಊಟಕ್ಕೆ ಬಂದ ಹುಡುಗನೊಬ್ಬ ಒಂದನ್ನು ಬಾಯಿಗೆ ಹಾಕಿಕೊಂಡು, "ಏನ್ ರೊಟ್ಟಿ ಅಣ್ಣ, ಈ ಸಲ ಅಕ್ಕನ್ನ ನೋಡೋಕೆ ಹೋಗ್ಲಿಲ್ವಾ?" ಎಂದು ಕೇಳಿದ.

ಮಾಲೀಕರು ಬಿಡಲಿಲ್ಲ ಎಂದೆ.